ಬಳೆಯೋ ಬಾಳೆಯೋ? ಕಿವಿಯಿಂದ ಕಾಗುಣಿತಕ್ಕೆ

ಎರಡನೇ ತರಗತಿಯ ಮಗುವಿನ ಉಕ್ತಲೇಖನದ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಮೇಷ್ಟ್ರು ಹೇಳಿದ್ದು ಬಾಳೆ, ಹುಡುಗ, ಪುಸ್ತಕ, ಸೂರ್ಯ, ಹಣ್ಣು. ಮಗು ಬರೆದದ್ದು ಬಳೆ, ಹುಡ್ಗ, ಪುತಕ, ಸೂಯ್ರ, ಅಣ್ಣು. ಐದಕ್ಕೆ ಸೊನ್ನೆ. ಕೆಂಪು ಶಾಯಿಯ ಐದು ಗೀಟುಗಳ ಕೆಳಗೆ 'ತಲಾ ಹತ್ತು ಸಲ ಬರೆಯುವುದು' ಎಂಬ ಆಜ್ಞೆ. ಸಂಜೆ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಮಗು ಐವತ್ತು ಪದಗಳನ್ನು ಬರೆದು ಮುಗಿಸುತ್ತದೆ. ಹದಿನೈದು ದಿನ ಬಿಟ್ಟು ಅದೇ ಪದಗಳನ್ನು ಹೇಳಿದರೆ ಮತ್ತೆ ಬಳೆ, ಮತ್ತೆ ಪುತಕ. 'ಇವನ ತಲೆಗೆ ಏನೂ ಹತ್ತುವುದಿಲ್ಲ' ಎಂಬ ಮಾತು ಮನೆಯಲ್ಲಿ ಮೊದಲ ಬಾರಿಗೆ ಕೇಳಿಬರುವುದು ಸಾಮಾನ್ಯವಾಗಿ ಈ ಹಂತದಲ್ಲೇ. ಮಗು ಅದನ್ನು ಕೇಳಿಸಿಕೊಳ್ಳುತ್ತದೆ, ನಂಬುತ್ತದೆ ಕೂಡ.

ಆದರೆ ಆ ಐದು ತಪ್ಪುಗಳು ಒಂದೇ ಜಾತಿಯವಲ್ಲ. ಬಳೆ ಎಂದು ಬರೆದ ಮಗು ಸ್ವರದ ಉದ್ದವನ್ನು ಅಳೆದಿಲ್ಲ. ಹುಡ್ಗ ಎಂದು ಬರೆದ ಮಗು ತಾನು ಆಡುವ ಮಾತನ್ನು ಯಥಾವತ್ತಾಗಿ ದಾಖಲಿಸಿದೆ. ಹಾಗೆ ನೋಡಿದರೆ ಅದರ ಕಿವಿ ಬಹಳ ಚುರುಕು. ಪುತಕ ಎಂದಾಗ ಅಕ್ಷರಗಳ ಲೆಕ್ಕ ಸರಿಯಾಗಿದೆ, ಎರಡು ಅಕ್ಷರಗಳ ನಡುವೆ ಸಿಕ್ಕಿಕೊಂಡ 'ಸ್' ಮಾತ್ರ ಜಾರಿಹೋಗಿದೆ. ಸೂಯ್ರ ಎನ್ನುವುದಕ್ಕೆ ಕಾರಣ ನಮ್ಮ ಲಿಪಿಯ ಒಂದು ಹಳೆಯ ರೂಢಿ. ಅಣ್ಣು ಎನ್ನುವುದು ಮನೆಯ ಭಾಷೆ. ಜ್ವರ ಬಂದವರಿಗೆಲ್ಲ ಒಂದೇ ಗುಳಿಗೆ ಕೊಡುವ ವೈದ್ಯರನ್ನು ನಾವು ಮೆಚ್ಚುವುದಿಲ್ಲ. ಐದು ಬಗೆಯ ತಪ್ಪಿಗೂ ಹತ್ತು ಸಲ ಬರೆಸುವ ಒಂದೇ ಮದ್ದನ್ನು ಮಾತ್ರ ತಲೆಮಾರುಗಳಿಂದ ಒಪ್ಪಿಕೊಂಡು ಬಂದಿದ್ದೇವೆ.

ಚಪ್ಪಾಳೆಯ ಲೆಕ್ಕ

ಬರೆಯಲು ಬಾರದ ನಾಲ್ಕು ವರ್ಷದ ಮಗುವಿಗೆ 'ಮೈಸೂರು' ಎನ್ನುತ್ತಾ ಚಪ್ಪಾಳೆ ತಟ್ಟಲು ಹೇಳಿ. ಮೈ, ಸೂ, ರು ಎಂದು ಮೂರು ಸಲ ತಟ್ಟುತ್ತದೆ. ಅದೇ ಮಗುವಿಗೆ 'ಸೂ' ಎಂಬುದರಲ್ಲಿ ಎಷ್ಟು ಸದ್ದುಗಳಿವೆ ಎಂದು ಕೇಳಿದರೆ ಕಣ್ಣು ಕಣ್ಣು ಬಿಡುತ್ತದೆ. ಒಂದೇ ಉಸಿರಿಗೆ ಹೊರಡುವ 'ಸೂ' ಅದಕ್ಕೆ ಒಡೆಯಲಾರದ ಗಟ್ಟಿ ಕಾಳು. ಅದರೊಳಗೆ 'ಸ್' ಮತ್ತು 'ಊ' ಎಂಬ ಎರಡು ಬೇಳೆಗಳಿವೆ ಎಂಬುದು ಕಲಿಸಿದ ಮೇಲಷ್ಟೇ ತಿಳಿಯುವ ಸಂಗತಿ.

ಅಮೆರಿಕದಲ್ಲಿ ಇಸಬೆಲ್ ಲೀಬರ್ಮನ್ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನೇ ತೋರಿಸಿತು. ಅವರು ಮಕ್ಕಳ ಕೈಗೆ ಸಣ್ಣ ಕಡ್ಡಿ ಕೊಟ್ಟು, ಪದದಲ್ಲಿ ಎಷ್ಟು ಭಾಗಗಳಿವೆಯೋ ಅಷ್ಟು ಸಲ ಮೇಜನ್ನು ತಟ್ಟಿಸಿದರು. ನಾಲ್ಕು ವರ್ಷದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಪದವನ್ನು ಉಚ್ಚಾರದ ತುಂಡುಗಳಾಗಿ ಸರಿಯಾಗಿ ಬಿಡಿಸಿದರು. ಸ್ವರ, ವ್ಯಂಜನಗಳ ಬಿಡಿ ಸದ್ದುಗಳನ್ನು ಎಣಿಸಲು ಮಾತ್ರ ಒಬ್ಬರಿಗೂ ಆಗಲಿಲ್ಲ. ಒಂದನೇ ತರಗತಿ ಮುಗಿಸಿದವರಲ್ಲಿ ನೂರಕ್ಕೆ 90 ಮಂದಿ ಮೊದಲನೆಯದನ್ನೂ 70 ಮಂದಿ ಎರಡನೆಯದನ್ನೂ ಸಾಧಿಸಿದರು.

ಉಚ್ಚಾರದ ಈ ತುಂಡನ್ನು ನಮ್ಮ ಮಕ್ಕಳು ಶಾಲೆಗೆ ಬರುವ ಮೊದಲೇ ಆಟದ ಸಾಮಾನು ಮಾಡಿಕೊಂಡಿರುತ್ತಾರೆ. ದೊಡ್ಡವರಿಗೆ ತಿಳಿಯಬಾರದೆಂದು ಪ್ರತಿ ಅಕ್ಷರಕ್ಕೂ ಮೊದಲು 'ಕ' ಸೇರಿಸಿ 'ನೀನು ಬಾ' ಎನ್ನುವುದನ್ನು 'ಕನೀ ಕನು ಕಬಾ' ಎಂದು ಪಟಪಟನೆ ಹೇಳುವ ಗುಟ್ಟಿನ ಭಾಷೆಯನ್ನು ಯಾವ ಮೇಷ್ಟ್ರೂ ಕಲಿಸಿದ್ದಲ್ಲ. ಬಸ್ಸಿನಲ್ಲಿ ಕುಳಿತು ಅಂತ್ಯಾಕ್ಷರಿ ಆಡುವಾಗ ಹಾಡಿನ ಕೊನೆಯ ತುಂಡನ್ನು ಹಿಡಿದು ಹೊಸ ಹಾಡು ಹುಡುಕುವುದೂ ಇದೇ ವಿದ್ಯೆ. ಕನ್ನಡ ಲಿಪಿಯ ಭಾಗ್ಯವೆಂದರೆ, ಅದು ಬರೆಯುವುದೂ ಹೆಚ್ಚುಕಡಿಮೆ ಈ ತುಂಡುಗಳನ್ನೇ. ಮೈಸೂರು ಎಂದರೆ ಮೂರು ಚಪ್ಪಾಳೆ, ಮೂರು ಅಕ್ಷರ. ರೋಮನ್ ಲಿಪಿಯಲ್ಲಿ ಅದಕ್ಕೆ ಆರು ಅಕ್ಷರ ಬೇಕು.

ಮೂವತ್ತನಾಲ್ಕರ ಮಗ್ಗಿ

ಕಾಗುಣಿತ ಎಂಬ ಪದದಲ್ಲೇ ಗುಣಾಕಾರವಿದೆ. ಎಡಗಡೆ ಮೇಲಿಂದ ಕೆಳಕ್ಕೆ 34 ವ್ಯಂಜನಗಳನ್ನು ಬರೆದುಕೊಳ್ಳಿ. ತಲೆಯ ಮೇಲೆ ಅಡ್ಡಸಾಲಿಗೆ 13 ಸ್ವರಗಳು, ಜೊತೆಗೆ ಅನುಸ್ವಾರ, ವಿಸರ್ಗ. 34 ಗುಣಿಸು 15 ಎಂದರೆ 510 ಮನೆಗಳ ಕೋಷ್ಟಕ. ವಿಜ್ಞಾನದ ಪುಸ್ತಕದಲ್ಲಿ ಮೂಲವಸ್ತುಗಳ ಆವರ್ತ ಕೋಷ್ಟಕ ನೋಡಿದವರಿಗೆ ಇದರ ಅಂದ ಬೇಗ ಹಿಡಿಸುತ್ತದೆ. ಅಡ್ಡಸಾಲಿನಲ್ಲಿ ಹೋದರೆ ವ್ಯಂಜನ ನಿಂತಲ್ಲೇ ನಿಂತು ಸ್ವರ ಬದಲಾಗುತ್ತದೆ. ಕಂಬಸಾಲಿನಲ್ಲಿ ಇಳಿದರೆ ಸ್ವರ ಹಾಗೇ ಉಳಿದು ವ್ಯಂಜನ ಬದಲಾಗುತ್ತದೆ.

ತೊಂದರೆ ಇರುವುದು ನಾವು ಅದನ್ನು ಕಲಿಸುವ ಬಗೆಯಲ್ಲಿ. 'ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ, ಕ ಕೊಂಬು ಕು' ಎಂದು ಅಡ್ಡಸಾಲಿನಲ್ಲಿ ಮಾತ್ರ ರಾಗವಾಗಿ ಹೇಳಿಸುತ್ತೇವೆ. ಮಗು ರೈಲುಗಾಡಿಯಂತೆ ಕಃವರೆಗೆ ಓಡುತ್ತದೆ. ನಡುವೆ ತಡೆದು 'ಕೇ ಬರಿ' ಎಂದರೆ ಮತ್ತೆ ತಲೆಕಟ್ಟಿನಿಂದ ಹೊರಡಬೇಕು. ಏಳೆಂಟು ಎಷ್ಟೆಂದು ಕೇಳಿದರೆ ಏಳೊಂದ್ಲಿಯಿಂದ ಶುರು ಮಾಡುವ ಹುಡುಗನ ಪಾಡೂ ಇದೇ ಅಲ್ಲವೆ? ಕಂಬಸಾಲಿನಲ್ಲಿ ಕಿ, ಗಿ, ಚಿ, ತಿ, ನಿ, ಪಿ ಎಂದು ಹೇಳಿಸಿದಾಗ ಮಾತ್ರ, ಆ ಎಲ್ಲ ಸದ್ದುಗಳ ಬಾಲದಲ್ಲಿ ಒಂದೇ 'ಇ' ಇದೆ, ಆ ಎಲ್ಲ ಅಕ್ಷರಗಳ ತಲೆಯ ಮೇಲೆ ಒಂದೇ ಗುಡಿಸು ಇದೆ ಎಂಬ ಬೆಳಕು ಮಗುವಿನ ತಲೆಯಲ್ಲಿ ಮೂಡುತ್ತದೆ. ಗಟ್ಟಿ ಕಾಳು ಒಡೆದು ಬೇಳೆ ಕಾಣುವುದು ಆಗ.

ಈ ಬೆಳಕು ತಾನಾಗಿ ಮೂಡುತ್ತದೆಂದು ಕಾಯುವಂತಿಲ್ಲ. ಪಿ. ಪ್ರಕಾಶ್, ಪ್ರತಿಭಾ ಕಾರಂತ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡವನ್ನು ಮಾತ್ರ ಓದಬಲ್ಲವರು ಪದವನ್ನು ಅಕ್ಷರಗಳಾಗಿ ಸಲೀಸಾಗಿ ಬಿಡಿಸಿದರೂ ಬಿಡಿ ಸ್ವರ, ವ್ಯಂಜನಗಳನ್ನು ಬೇರ್ಪಡಿಸಲು ತಡವರಿಸಿದ್ದು ಕಂಡುಬಂತು. ಕನ್ನಡ ಶಾಲೆಗಳ ಮಕ್ಕಳ ಓದನ್ನು ಪರಿಶೀಲಿಸಿ ಬೆಂಗಳೂರಿನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಒಂದು ಮುಖ್ಯ ಸಂಗತಿಯನ್ನು ಹೇಳಿತು. ಇಂಗ್ಲಿಷಿನ 26 ಅಕ್ಷರಗಳಂತೆ ಕನ್ನಡದ ಅಕ್ಷರಗಳು ವರ್ಷದೊಳಗೆ ಕಲಿತು ಮುಗಿಯುವಂಥವಲ್ಲ. ಗುಣಿತ, ಒತ್ತುಗಳೆಲ್ಲ ಪಳಗುವ ಹೊತ್ತಿಗೆ ಮಗು ನಾಲ್ಕನೇ ತರಗತಿಗೆ ಬಂದಿರುತ್ತದೆ. ಒಂದನೇ ತರಗತಿಯ ದಸರಾ ರಜೆಯೊಳಗೆ ಕಾಗುಣಿತ ಮುಗಿದಿಲ್ಲವೆಂದು ಚಡಪಡಿಸುವ ತಾಯ್ತಂದೆಯರು ಈ ಮಾತನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬಹುದು.

ಲಿಪಿಯೂ ಅಲ್ಲಲ್ಲಿ ಮಗುವಿಗೆ ಕಾಲು ಕೊಡುತ್ತದೆ. 'ಅ' ಸ್ವರದ ಗುರುತು ತಲೆಕಟ್ಟು ಎಂದು ಹೇಳಿಕೊಟ್ಟ ಮರುಗಳಿಗೆಯೇ ತಲೆಕಟ್ಟಿಲ್ಲದ ಜ, ಬ, ಲ, ಣ ಎದುರಾಗುತ್ತವೆ. ಕು, ಗು, ತು ಎಂಬಲ್ಲಿ ಬಲಕ್ಕೆ ನೆಟ್ಟಗೆ ನಿಲ್ಲುವ ಕೊಂಬು ಪು, ವುಗಳಲ್ಲಿ ಕೆಳಕ್ಕಿಳಿಯುತ್ತದೆ. ಇಳಿಯದಿದ್ದರೆ 'ವು' ನೋಡಲು 'ಮ'ದಂತೆಯೇ ಆಗಿಬಿಡುತ್ತಿತ್ತು! ಕಾರಣವನ್ನು ಹೀಗೆ ಬರೆದು ತೋರಿಸಿದರೆ ಎಂಟು ವರ್ಷದ ಮಗುವಿಗೂ ಅರ್ಥವಾಗುತ್ತದೆ, ನಗುವೂ ಬರುತ್ತದೆ. 510 ಮನೆಗಳೂ ಸಮಾನ ಮುಖ್ಯವಲ್ಲ ಎಂಬುದನ್ನೂ ಹೇಳಬೇಕು. ಙ, ಞಗಳ ಸಾಲಿನ ಗುಣಿತಗಳು ದಿನಬಳಕೆಯಲ್ಲಿ ಬರುವುದೇ ಇಲ್ಲ. ಅವುಗಳಿಗೆ ವ್ಯಯಿಸುವ ವಾರವನ್ನು ರ, ಲ, ನ, ದ, ತಗಳ ಸಾಲಿಗೆ ಕೊಟ್ಟರೆ ಲಾಭ ಹೆಚ್ಚು.

ಬಾಯೆಂಬ ವಾದ್ಯ

ಸ್ವರವೆಂದರೇನು? ಪಟ್ಟಿ ಒಪ್ಪಿಸುವುದು ಸುಲಭ. ಆದರೆ ಇದನ್ನು ಮೈಮೇಲೆಯೇ ಮಾಡಿ ನೋಡಬಹುದು. ಮಗು ಗಂಟಲಿನ ಮೇಲೆ ಬೆರಳಿಟ್ಟುಕೊಂಡು 'ಆ' ಎನ್ನಲಿ. ಬೆರಳಿಗೆ ಕಂಪನ ತಾಗುತ್ತದೆ. ಉಸಿರು ಗಂಟಲಿನ ಧ್ವನಿತಂತುಗಳನ್ನು ಮಿಡಿದು, ಎಲ್ಲಿಯೂ ತಡೆಯಿಲ್ಲದೆ ಬಾಯಿಂದ ಹೊರಗೆ ಬರುತ್ತದೆ. ಇದೇ ಸ್ವರ. 'ಪ್' ಎನ್ನುವಾಗ ತುಟಿಗಳು, 'ತ್' ಎನ್ನುವಾಗ ನಾಲಗೆ ಮತ್ತು ಹಲ್ಲು ದಾರಿಗೆ ಅಡ್ಡ ಬರುತ್ತವೆ. ಅದು ವ್ಯಂಜನ.

ಇನ್ನು ಕನ್ನಡಿಯ ಮುಂದೆ ನಿಂತು ಉಸಿರು ಕಡಿಯದೆ ಆ, ಈ, ಊ ಎಂದು ಎಳೆಯಲಿ. ಗಂಟಲು ಮಾಡುತ್ತಿರುವ ಕೆಲಸ ಬದಲಾಗಿಲ್ಲ, ಬಾಯಿಯ ಆಕಾರ ಮಾತ್ರ ಬದಲಾಗುತ್ತಿದೆ. 'ಆ'ಗೆ ದವಡೆ ಕೆಳಗಿಳಿಯುತ್ತದೆ, 'ಈ'ಗೆ ತುಟಿಗಳು ಅಗಲವಾಗಿ ನಾಲಗೆಯ ಮುಂಭಾಗ ಮೇಲೇರುತ್ತದೆ, 'ಊ'ಗೆ ತುಟಿ ದುಂಡಗಾಗುತ್ತದೆ. ಬಾಟಲಿಗೆ ನೀರು ತುಂಬುತ್ತಾ ಹೋದಂತೆ ಅದರ ಬಾಯಿಗೆ ಊದಿದ ಸದ್ದು ಬದಲಾಗುವುದನ್ನು ಎಲ್ಲರೂ ಬಲ್ಲರು. ಬಾಯಿಯ ಟೊಳ್ಳಿನ ಆಕಾರ ಬದಲಾದಂತೆ ಅದು ಅನುರಣಿಸುವ ಬಗೆಯೂ ಬದಲಾಗಿ ಬೇರೆ ಬೇರೆ ಸ್ವರಗಳು ಹುಟ್ಟುತ್ತವೆ ಎಂದು ಜರ್ಮನಿಯ ಭೌತವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ. ಎ, ಇಗಳಲ್ಲಿ ಗೊಂದಲ ಮಾಡಿಕೊಳ್ಳುವ ಮಗುವಿಗೆ ಕನ್ನಡಿ ತೋರಿಸುವುದು ಹತ್ತು ಸಲ ಬರೆಸುವುದಕ್ಕಿಂತ ಬೇಗ ಫಲ ಕೊಡುತ್ತದೆ. 'ಇ'ಯಿಂದ 'ಎ'ಗೆ ಬರುವಾಗ ದವಡೆ ಎಳ್ಳಿನಷ್ಟು ಕೆಳಗಿಳಿಯುವುದು ಕಣ್ಣಿಗೇ ಕಾಣುತ್ತದೆ.

ಪದದಲ್ಲಿ ಎಷ್ಟು ತುಂಡುಗಳಿವೆ ಎಂದು ತಿಳಿಯಲೂ ದವಡೆಯೇ ಸಾಕ್ಷಿ. ಗಲ್ಲದ ಕೆಳಗೆ ಅಂಗೈ ಇಟ್ಟುಕೊಂಡು ನಿಧಾನವಾಗಿ 'ಚಾಮರಾಜ' ಎಂದರೆ ಗಲ್ಲ ನಾಲ್ಕು ಸಲ ಕೈಯನ್ನು ತಟ್ಟುತ್ತದೆ. ಸ್ವರಕ್ಕೊಂದು ಸಲ ಬಾಯಿ ತೆರೆಯಲೇಬೇಕಷ್ಟೆ.

ಹುಣಸೆಬೀಜದ ಮಾತ್ರೆ

ಕನ್ನಡದ ಮಗುವಿಗೆ ಎಲ್ಲಕ್ಕಿಂತ ದುಬಾರಿಯಾಗುವ ತಪ್ಪು ಹ್ರಸ್ವ ದೀರ್ಘಗಳದು. ಅರ್ಥವೇ ಕೆಟ್ಟುಹೋಗುತ್ತದೆ. ಬೆಳೆ ಹೊಲದಲ್ಲಿದ್ದರೆ ಬೇಳೆ ಡಬ್ಬಿಯಲ್ಲಿರುತ್ತದೆ. ಕೆರೆಗೆ ಇಳಿಯಬಹುದು, ಕೇರೆಯನ್ನು ಕಂಡರೆ ಓಡಬೇಕು. ಕೊಡು ಎಂದು ಕೇಳಿದರೆ ಕೋಡು ತೋರಿಸಿದಂತಾದೀತು.

ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು ಎಂಬ ಅಳತೆ ನಮ್ಮಲ್ಲಿ ಪಾಣಿನಿಯಷ್ಟು ಹಳೆಯದು. ಪಾಣಿನಿ ಈ ಮೂರಕ್ಕೂ ಉ, ಊ, ಊ೩ ಎಂದು ಉಕಾರವನ್ನೇ ಉದಾಹರಣೆಯಾಗಿ ಹಿಡಿದ. ಮುಂಜಾನೆಯ ಕೋಳಿಯ ಕೂಗಿನಲ್ಲಿ ಈ ಮೂರೂ ಅಳತೆಗಳು ಕ್ರಮವಾಗಿ ಬರುವುದರಿಂದಲೇ ಹೀಗೆ ಮಾಡಿದನೆಂದು ಸಂಪ್ರದಾಯ ಹೇಳುತ್ತದೆ. ಕೋಳಿಯನ್ನು ಅನುಕರಿಸಲು ಹೇಳಿದರೆ ಯಾವ ಮಗು ಒಲ್ಲೆ ಎಂದೀತು!

ಮನೆಯಲ್ಲಿ ಒಂದು ಹಿಡಿ ಹುಣಸೆಬೀಜ ಇದ್ದರೆ ಸಾಕು. ಹ್ರಸ್ವಕ್ಕೆ ಒಂದು ಬೀಜ, ದೀರ್ಘಕ್ಕೆ ಎರಡು. ಬಳೆಗೆ ಎರಡು ಬೀಜ, ಬಾಳೆಗೆ ಮೂರು. ಬೀಜ ಇಟ್ಟಾದ ಮೇಲೆ ಬರೆಯಲಿ. ಎರಡು ಬೀಜಗಳಿದ್ದ ಕಡೆ ಇಳಿಯೋ ದೀರ್ಘದ ಗುರುತೋ ಬರಲೇಬೇಕು ಎಂಬುದು ಕೆಲವೇ ದಿನಗಳಲ್ಲಿ ಕೈಗೆ ಹತ್ತುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಹಾಲು ಎಂಬುದಕ್ಕೂ ಮೂರು ಮಾತ್ರೆ, ಹಲ್ಲು ಎಂಬುದಕ್ಕೂ ಮೂರು. ಕಾಲು, ಕಲ್ಲು, ಬಾಲ, ಬಲ್ಲ ಇವೂ ಹಾಗೆಯೇ. ಎರಡರಲ್ಲೂ ಮೊದಲ ತುಂಡು ಸಮಾನ ಕಾಲ ನಿಲ್ಲುತ್ತದೆ. 'ಹಾ' ಎಂಬಲ್ಲಿ ಆ ಕಾಲವನ್ನು ಸ್ವರವೇ ತುಂಬಿದರೆ 'ಹಲ್' ಎಂಬಲ್ಲಿ ಅರ್ಧವನ್ನು 'ಲ್' ತುಂಬುತ್ತದೆ. ಮಗು ಹಾಲು, ಹಲ್ಲುಗಳಲ್ಲಿ ಮುಗ್ಗರಿಸಿದರೆ ಅದರ ಕಿವಿ ಕಾಲವನ್ನು ಸರಿಯಾಗಿಯೇ ಅಳೆದಿದೆ, ಒಳಗೆ ತುಂಬಿದ್ದೇನೆಂದು ಮಾತ್ರ ನೋಡಿಲ್ಲ ಎಂದರ್ಥ. ದೀರ್ಘದ ಬೀಜಗಳೆರಡೂ ಹುಣಸೆಯವಾಗಿರಲಿ. ವ್ಯಂಜನ ತುಂಬಿದ ಕಡೆ ಒಂದು ಹುಣಸೆಬೀಜ, ಒಂದು ಕಡಲೆಕಾಳು ಇಡಿಸಿ. ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಎಂಟನೇ ತರಗತಿಯ ಕನ್ನಡ ಪುಸ್ತಕದಲ್ಲಿ ಛಂದಸ್ಸು ಬಂದಾಗ 'ಒತ್ತಕ್ಷರದ ಹಿಂದಿನ ಅಕ್ಷರ ಗುರು' ಎಂಬ ನಿಯಮವನ್ನು ವಿದ್ಯಾರ್ಥಿಗಳು ಉರು ಹೊಡೆಯುತ್ತಾರೆ. ಏಕೆ ಗುರು ಎಂದು ಕೇಳುವವರು ವಿರಳ. ಮೇಲಿನ ಕಡಲೆಕಾಳೇ ಅದಕ್ಕೆ ಉತ್ತರ. ಪ್ರಾಥಮಿಕ ಶಾಲೆಯಲ್ಲಿ ಆಡಿದ ಆಟವನ್ನೇ ಅಲ್ಲಿ ಗಣ ವಿಭಾಗವೆಂದು ಕರೆಯುತ್ತಾರೆ, ಅಷ್ಟೆ.

ನುಡಿಯುವುದೊಂದು, ಬರೆಯುವುದೊಂದು

ಕನ್ನಡ ನುಡಿದಂತೆ ಬರೆಯುವ ಭಾಷೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿನಲ್ಲಿ ಮಕ್ಕಳು ಏಟು ತಿನ್ನುತ್ತಾರೆ.

ಪುಸ್ತಕ ಎಂಬುದನ್ನು ಬಾಯಿ ಒಡೆಯುವುದು ಪುಸ್, ತ, ಕ ಎಂದು. ಲಿಪಿ ಒಡೆಯುವುದು ಪು, ಸ್ತ, ಕ ಎಂದು. ಮೊದಲ ತುಂಡಿನ ಬಾಲವನ್ನು ಕತ್ತರಿಸಿ ಎರಡನೆಯದರ ತಲೆಗೆ ಕಟ್ಟುವುದು ಒತ್ತಕ್ಷರದ ವಿಧಾನ. ಕಿವಿ ಹೇಳಿದ್ದನ್ನು ಕೈ ಬೇರೆ ರೀತಿ ಜೋಡಿಸಬೇಕಾದ ಈ ಗಡಿಯಲ್ಲೇ 'ಸ್' ಬಿದ್ದುಹೋಗುವುದು. ಅಂಥ ಮಗುವಿಗೆ ಮೊದಲು 'ಪುಸ್ ತ ಕ' ಎಂದು ಅರ್ಧಾಕ್ಷರ ಬಿಡಿಸಿಯೇ ಬರೆಯಲು ಬಿಡಿ. ಸದ್ದೆಲ್ಲ ಕಾಗದದ ಮೇಲೆ ಬಂದ ಮೇಲೆ ಎರಡನೇ ಹೆಜ್ಜೆಯಾಗಿ 'ಸ್'ಗೆ 'ತ'ವನ್ನು ಒತ್ತಾಗಿ ಕೊಡಿಸಬಹುದು.

ಸೂರ್ಯನ ಕಥೆ ಇನ್ನೂ ವಿಚಿತ್ರ. ಸೂರ್, ಯ ಎಂದು 'ರ್' ಮೊದಲು ಕೇಳಿಸುತ್ತದೆ. ಬರೆಯುವಾಗ 'ಯ' ಮೊದಲು ಬರೆದು, ಕನ್ನಡದ ಒಂಬತ್ತರ ಅಂಕಿಯನ್ನು ಹೋಲುವ ಅರ್ಕಾವತ್ತನ್ನು ಆಮೇಲೆ ಹಾಕಬೇಕು. ಮೊದಲು ಕೇಳಿದ್ದನ್ನು ಆಮೇಲೆ ಬರೆಯುವ ಈ ತಿರುವು ಮಗುವಿಗೆ ಹೊಳೆಯದಿದ್ದರೆ ಅದರ ತಪ್ಪೇನು? ಸೂಯ್ರ, ಕಾಯ್ರ, ವಷ್ರ ಇವೆಲ್ಲ ಹೀಗೆ ಹುಟ್ಟಿದ ಕೂಸುಗಳು. 'ರ' ಬರೆದು ಅದರ ಕೆಳಗೆ 'ಯ' ಒತ್ತು ಕೊಡುವ ರೂಢಿಯೂ ಕನ್ನಡದಲ್ಲಿದೆ. ಕಲಿಯುವವರಿಗೆ ಅದೇ ಹಿತ, ಏಕೆಂದರೆ ಕಿವಿಯ ಕ್ರಮವೂ ಕೈಯ ಕ್ರಮವೂ ಅಲ್ಲಿ ಒಂದೇ. ಅರ್ಕಾವತ್ತು ಸ್ವಲ್ಪ ತಡವಾಗಿ ಬಂದರೆ ಕನ್ನಡಕ್ಕೆ ನಷ್ಟವೇನೂ ಇಲ್ಲ.

ಹುಡ್ಗ, ಕುದ್ರೆ, ಬರ್ತಾನೆ, ಮೆಣ್ಸಿನ್ಕಾಯಿ ಇವುಗಳಲ್ಲಿ ಪದದ ನಡುವಿನ ಸ್ವರ ಆಡುಮಾತಿನಲ್ಲಿ ಕರಗಿಹೋಗಿದೆ. ಮಗು ಕುದ್ರೆಗೆ ಎರಡೇ ಚಪ್ಪಾಳೆ ತಟ್ಟುತ್ತದೆ, ಬರಹಕ್ಕೆ ಮೂರು ಬೇಕು. ಈ ಸ್ವರವನ್ನು ಮಗು ಮನೆಯಲ್ಲಿ ಕೇಳಿಯೇ ಇರುವುದಿಲ್ಲವಾದ್ದರಿಂದ 'ಸರಿಯಾಗಿ ಕೇಳಿಸಿಕೊಂಡು ಬರಿ' ಎಂದು ಗದರಿದರೆ ಪ್ರಯೋಜನವಿಲ್ಲ. ಅದನ್ನು ಕೇಳಿಸಬೇಕಾದವರು ದೊಡ್ಡವರು. ಕಥೆ ಓದಿ ಹೇಳುವ ಅಜ್ಜಿ 'ಒಂದೂರಿನಲ್ಲಿ ಒಂದು ಕುದುರೆ ಇತ್ತು' ಎಂದು ಬಿಡಿಬಿಡಿಯಾಗಿ ಓದಿದರೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಮಕ್ಕಳ ಪದ್ಯಗಳನ್ನು ತಾಳ ಹಾಕಿ ಹೇಳುವಾಗ ನುಂಗಿಹೋದ ಸ್ವರ ಮರಳಿ ಬರುತ್ತದೆ. ಇಲ್ಲದಿದ್ದರೆ ತಾಳ ತಪ್ಪುತ್ತದೆ.

ಊರು ಬದಲಾದರೆ ತಪ್ಪೂ ಬದಲಾಗುತ್ತದೆ. ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಲ್ಲಿ ಹಾಲು ಆಲಾಗುತ್ತದೆ, ಹಣ್ಣು ಅಣ್ಣಾಗುತ್ತದೆ. ಧಾರವಾಡದ ಕಡೆ ಮನೆ ಮನಿಯಾಗುತ್ತದೆ, ತಲೆ ತಲಿಯಾಗುತ್ತದೆ. ಎಲೆಯನ್ನು ಯಲೆ ಎಂದೂ ಒಲೆಯನ್ನು ವಲೆ ಎಂದೂ ಬರೆಯುವ ಮಕ್ಕಳು ಎಲ್ಲ ಜಿಲ್ಲೆಗಳಲ್ಲೂ ಸಿಗುತ್ತಾರೆ. ಮನೆಯಲ್ಲಿ ಅವ್ವ ಆಡುವ ಮಾತನ್ನೇ ತಪ್ಪೆಂದು ಜರೆದರೆ ಮಗು ಬಾಯಿಯನ್ನೇ ಮುಚ್ಚಿಕೊಳ್ಳುತ್ತದೆ. 'ಮನ್ಯಾಗ ಮನಿ ಅಂತೀವಿ, ಪುಸ್ತಕದಾಗ ಮನೆ ಅಂತ ಬರೀತೀವಿ' ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುವ ಮಾಸ್ತರರ ತರಗತಿಯಲ್ಲಿ ಈ ತಪ್ಪು ಬಹಳ ದಿನ ಉಳಿಯುವುದಿಲ್ಲ.

ಅಕ್ಷರಾಭ್ಯಾಸದಂದು ಅಕ್ಕಿಯ ಮೇಲೆ ಬೆರಳು ಹಿಡಿದು ತಿದ್ದಿಸಿದ ಅಜ್ಜಂದಿರಿಗೆ ಸರ್ಕಾರಿ ಶಾಲೆಯ ಮೇಲೆ ಒಂದು ದೂರಿದೆ. ಅ ಆ ಇ ಈ ಬಿಟ್ಟು ರ, ಗ, ಸ, ದ, ಅ ಎಂದು ಶುರು ಮಾಡುತ್ತಾರಲ್ಲ, ಇದೆಂಥ ಪಾಠ ಎಂದು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊದಲಾದ ನಲಿ ಕಲಿ ಪದ್ಧತಿ ಈ ಕ್ರಮವನ್ನು ರಾಜ್ಯದ ತುಂಬ ಪರಿಚಿತಗೊಳಿಸಿತು. ಬರೆಯಲು ಸುಲಭವಾದ ಈ ಐದು ಅಕ್ಷರಗಳಿಂದಲೇ ಸರ, ದರ, ಅರಸ, ಅಗಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಮೊದಲ ವಾರಗಳಲ್ಲೇ ಮಗು ಅರ್ಥವುಳ್ಳ ಪದವನ್ನು ಓದುತ್ತದೆ; ಅಕ್ಷರವೆಂದರೆ ಮಾತಿನ ತುಂಡು ಎಂಬುದು ಹೇಳದೆಯೇ ತಿಳಿಯುತ್ತದೆ. ಆದರೆ ವರ್ಣಮಾಲೆಯ ಹಳೆಯ ಕ್ರಮವನ್ನು ಪೂರ್ತಿ ಕೈಬಿಡುವುದೂ ಸರಿಯಲ್ಲ. ಗಂಟಲಿನಿಂದ ತುಟಿಯವರೆಗೆ ಜೋಡಿಸಿದ ಕವರ್ಗ, ಚವರ್ಗಗಳ ಆ ಶಿಸ್ತು ಮೂರನೇ ತರಗತಿಯ ಹೊತ್ತಿಗೆ ಮಗುವಿನ ನಾಲಗೆಯ ಮೇಲಿರಬೇಕು. ನಿಘಂಟು ನೋಡಲು ಅದೇ ದಾರಿ.

ಸಿ ಎ ಟಿ ಕ್ಯಾಟ್

ಈ ಮಗುವೇ ಪಕ್ಕದ ಪೀರಿಯಡ್ಡಿನಲ್ಲಿ ಇಂಗ್ಲಿಷ್ ಕಲಿಯಬೇಕು. ಕನ್ನಡದಲ್ಲಿ ಅಕ್ಷರದ ಹೆಸರೂ ಸದ್ದೂ ಒಂದೇ. 'ಗ'ದ ಹೆಸರು ಗ. ಇಂಗ್ಲಿಷಿನಲ್ಲಿ ಸಿ, ಎ, ಟಿ ಎಂಬ ಮೂರು ಹೆಸರುಗಳನ್ನು ಎಷ್ಟು ವೇಗವಾಗಿ ಹೇಳಿದರೂ 'ಸಿಯೇಟಿ' ಆದೀತೇ ಹೊರತು ಕ್ಯಾಟ್ ಆಗದು. ಆದ್ದರಿಂದ ಅಕ್ಷರದ ಹೆಸರಿಗಿಂತ ಮೊದಲು ಅದರ ಸದ್ದನ್ನು ಕಲಿಸುವುದು ಉತ್ತಮ. ಕಿ, ಗಿ, ತಿಗಳಿಂದ 'ಇ'ಯನ್ನು ಬಿಡಿಸಲು ಕಲಿತ ಮಗುವಿಗೆ ಇದು ಹೊಸದೇನಲ್ಲ. ಕನ್ನಡದ ಕಾಗುಣಿತ ಗಟ್ಟಿಯಾದರೆ ಇಂಗ್ಲಿಷಿಗೆ ಅಡ್ಡಿ ಎಂದು ತಿಳಿಯುವ ಪಾಲಕರು ಇದನ್ನು ಗಮನಿಸಬೇಕು.

ಇಂಗ್ಲಿಷರಿಗೂ ಒಂದು ಕಾಗುಣಿತವಿತ್ತು ಎಂದರೆ ಆಶ್ಚರ್ಯವಾದೀತು. ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್ 1783ರಲ್ಲಿ ಹೊರತಂದ ಕಾಗುಣಿತ ಪುಸ್ತಕದಲ್ಲಿ ನಮ್ಮ ಬಳ್ಳಿಯಂತೆಯೇ ಒಂದೊಂದು ವ್ಯಂಜನಕ್ಕೂ ಸ್ವರಗಳನ್ನು ಸೇರಿಸಿದ ಸಾಲುಗಳಿದ್ದವು. ಆಮೇಲೆ ಪದಗಳನ್ನು ತುಂಡು ತುಂಡಾಗಿ ಒಡೆದು ಕಾಗುಣಿತ ಹೇಳಿಸುವುದು. ಇಂದಿಗೂ ಉದ್ದನೆಯ ಪದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. 'ಹಾಸ್ಪಿಟಲ್' ಎಂಬುದರ ಎಂಟು ಅಕ್ಷರಗಳನ್ನು ಒಟ್ಟಿಗೆ ಉರು ಹೊಡೆಯುವ ಬದಲು ಹಾಸ್, ಪಿ, ಟಲ್ ಎಂದು ಒಡೆದು, ಪ್ರತಿ ತುಂಡಿನಲ್ಲೂ ಒಂದು ಸ್ವರಾಕ್ಷರ ಇದೆಯೇ ಎಂದು ನೋಡಿಕೊಂಡರೆ ಅಕ್ಷರ ಬಿಟ್ಟುಹೋಗುವುದಿಲ್ಲ.

ಇಂಗ್ಲಿಷಿನ ನಿಜವಾದ ತೊಡಕು ಸ್ವರಗಳದು. ಸ್ವರಾಕ್ಷರ ಐದೇ, ಸ್ವರದ ಸದ್ದುಗಳು ಸುಮಾರು ಇಪ್ಪತ್ತು. ಕನ್ನಡದಂತೆ ದೀರ್ಘಕ್ಕೆ ಪ್ರತ್ಯೇಕ ಗುರುತು ಇಲ್ಲ. ಅದಕ್ಕೆ ಬದಲಾಗಿ ಅವರು ಪದದ ಕೊನೆಯಲ್ಲಿ ಮಾತಾಡದ ಒಂದು 'ಇ' ಅಕ್ಷರವನ್ನು ಕೂರಿಸುತ್ತಾರೆ. ಹ್ಯಾಟ್ ಹೇಟ್ ಆಗುವುದು, ಕಿಟ್ ಕೈಟ್ ಆಗುವುದು ಈ ಮೂಕ ಅಕ್ಷರದಿಂದ. 'ಇದು ಇಂಗ್ಲಿಷಿನ ದೀರ್ಘದ ಗುರುತು, ಸ್ವಲ್ಪ ದೂರ ಕುಳಿತಿದೆ' ಎಂದು ಹೇಳಿಕೊಟ್ಟರೆ ಕನ್ನಡದ ಮಗು ಥಟ್ಟನೆ ಹಿಡಿಯುತ್ತದೆ. 'ಡಿನ್ನರ್' ಎಂಬಲ್ಲಿನ ಎರಡು 'ಎನ್' ಕೂಡ ಹೀಗೆಯೇ. ಅಲ್ಲಿ ನಾವು ಒತ್ತಿ ನುಡಿಯುತ್ತೇವೆ, ಇಂಗ್ಲಿಷರು ಒತ್ತುವುದಿಲ್ಲ. ಹಿಂದಿನ ಸ್ವರ ಹ್ರಸ್ವವೆಂದು ತಿಳಿಸಲು ಅಷ್ಟೇ ಆ ಜೋಡಿ. ಒಂದು 'ಎನ್' ತೆಗೆದರೆ ಅದು 'ಡೈನರ್'.

ಬರಹಕ್ಕೂ ಉಚ್ಚಾರಕ್ಕೂ ಇಷ್ಟು ದೂರವೇಕೆ ಎಂದು ದೊಡ್ಡ ತರಗತಿಯ ವಿದ್ಯಾರ್ಥಿಗಳು ಕೇಳಿದರೆ ಚರಿತ್ರೆಯಲ್ಲಿ ಉತ್ತರವಿದೆ. ಹದಿನಾಲ್ಕನೇ ಶತಮಾನದಲ್ಲಿ, ಕವಿ ಚಾಸರನ ಕಾಲದಲ್ಲಿ, 'ನೇಮ್' ಎಂಬ ಪದವನ್ನು ನಮ್ಮ 'ನಾಮ'ಕ್ಕೆ ಹತ್ತಿರವಾಗಿ ಉಚ್ಚರಿಸುತ್ತಿದ್ದರು. ಕೊನೆಯ 'ಇ' ಅಕ್ಷರಕ್ಕೂ ಆಗ ಸದ್ದಿತ್ತು. ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿನಲ್ಲಿ ಮುದ್ರಣಾಲಯ ತೆರೆದ ಮೇಲೆ ಬರಹ ನಿಧಾನವಾಗಿ ಗಟ್ಟಿಗೊಳ್ಳುತ್ತ ಬಂತು. ಅದೇ ಶತಮಾನಗಳಲ್ಲಿ ದೀರ್ಘ ಸ್ವರಗಳೆಲ್ಲ ಬಾಯಿಯೊಳಗೆ ಜಾಗ ಬದಲಿಸಿದವು. ಬರಹ ಹಳೆಯ ಉಚ್ಚಾರದ ಫೋಟೋ ಆಗಿ ಉಳಿಯಿತು.

ಕನ್ನಡದ ನಾಲಗೆ ಪದದ ಕೊನೆಗೆ ಸ್ವರ ಬಯಸುತ್ತದೆ. ಬಸ್ಸು, ಕಾರು, ಪೆನ್ನು ಎಂದು ನಾವು ಒಗ್ಗಿಸಿಕೊಂಡದ್ದು ಹಾಗೆಯೇ. ಸ್ಕೂಲು ಇಸ್ಕೂಲಾಗಿ, ಫಿಲ್ಮ್ ಎಂಬುದು ಫಿಲಮ್ಮಾಗಿ, ಇಲ್ಲದ ಸ್ವರ ಇಂಗ್ಲಿಷ್ ಬರಹಕ್ಕೂ ನುಸುಳುತ್ತದೆ. ಮಗುವಿಗೆ ನಗಬೇಡಿ. 'ನಮ್ಮ ಬಾಯಿ ಇಲ್ಲೊಂದು ಸ್ವರ ಸೇರಿಸಿಕೊಂಡಿದೆ, ಹುಡುಕು ನೋಡೋಣ' ಎಂದರೆ ಅದೂ ಒಂದು ಆಟವೇ.

ಇಷ್ಟೆಲ್ಲ ಆದ ಮೇಲೂ ಕೆಲವು ಮಕ್ಕಳಿಗೆ ಅಕ್ಷರ ಒಲಿಯುವುದಿಲ್ಲ. ಮೂರನೇ ತರಗತಿ ಮುಗಿಯುತ್ತ ಬಂದರೂ ಸರಳ ಗುಣಿತಗಳ ಪದ ಓದಲ���ಗದಿದ್ದರೆ, ಹ್ರಸ್ವ ದೀರ್ಘಗಳು ಕಿವಿಗೆ ಬೇರೆಯಾಗಿ ಕೇಳಿಸದಿದ್ದರೆ, ಮೊದಲು ಕಿವಿ, ಕಣ್ಣುಗಳ ಪರೀಕ್ಷೆ ಮಾಡಿಸಬೇಕು. ಪದೇ ಪದೇ ಕಿವಿ ಸೋರುವ ಮಗುವಿಗೆ ಸ್ವರ ವ್ಯಂಜನಗಳ ಸೂಕ್ಷ್ಮ ಸರಿಯಾಗಿ ಕೇಳಿಸದೆ ಇರಬಹುದು. ಕಣ್ಣು ಕಿವಿ ಚೆನ್ನಾಗಿದ್ದೂ, ಬುದ್ಧಿ ಚುರುಕಾಗಿದ್ದೂ ಓದು ಬರಹ ಮಾತ್ರ ಹಿಂದುಳಿದಿದ್ದರೆ ಅದು ಕಲಿಕಾ ನ್ಯೂನತೆ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಗುರುತಿಸಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಮಕ್ಕಳನ್ನು ಪರೀಕ್ಷಿಸುವ ವ್ಯವಸ್ಥೆಯಿದೆ. ಹೋಗುವಾಗ ಮಗುವಿನ ಉಕ್ತಲೇಖನದ ಹಳೆಯ ಪುಸ್ತಕಗಳನ್ನು ಜೊತೆಗೆ ಒಯ್ಯಿರಿ. ತಜ್ಞರು ಅಂಕಗಳನ್ನು ನೋಡುವುದಕ್ಕಿಂತ ಹೆಚ್ಚಾಗಿ ಯಾವ ತಪ್ಪು ಎಲ್ಲಿ ಮರುಕಳಿಸಿದೆ ಎಂದು ನೋಡುತ್ತಾರೆ.